ಕೆಡಹುವ ಮುನ್ನ, ನಿಲ್ಲಿಸುವ ಮುನ್ನ

ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಕಾರ್ನ್‌ವಾಲಿಸ್‌ನ ದೊಡ್ಡ ಅಮೃತಶಿಲೆಯ ಪ್ರತಿಮೆಯಿದೆ. ಅದರ ಪೀಠದಲ್ಲಿ ಒಂದು ಉಬ್ಬುಶಿಲ್ಪ: ಟಿಪ್ಪು ಸುಲ್ತಾನನ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸ್‌ಗೆ ಒಪ್ಪಿಸುತ್ತಿರುವ ದೃಶ್ಯ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು, ಆ ಹಣ ಸಲ್ಲುವವರೆಗೆ ಮಕ್ಕಳು ಒತ್ತೆಯಾಳುಗಳಾಗಿ ಮದರಾಸಿಗೆ ಬರಬೇಕಾಯಿತು. ನಾನು ಶ್ರೀರಂಗಪಟ್ಟಣ ತಾಲ್ಲೂಕಿನವನು. ಮಕ್ಕಳನ್ನು ಒತ್ತೆ ಪಡೆದದ್ದನ್ನೇ ಗೆಲುವೆಂದು ಕಲ್ಲಿನಲ್ಲಿ ಕಡೆಯಿಸಿದ್ದಾರಲ್ಲ ಎಂದು ಅದರ ಮುಂದೆ ನಿಂತಾಗ ನನಗೆ ಸಿಟ್ಟು ಬರುತ್ತದೆ. ಆದರೆ ಅದನ್ನು ಒಡೆದುಹಾಕಬೇಕೆಂದು ಯಾವತ್ತೂ ಅನಿಸಿಲ್ಲ. ಅಲ್ಲಿ ಅದಕ್ಕೆ ಯಾರೂ ಹಾರ ಹಾಕುವುದಿಲ್ಲ, ಯಾರೂ ಕೈಮುಗಿಯುವುದಿಲ್ಲ. ಬಂದವರು ಬಗ್ಗಿ ನೋಡುತ್ತಾರೆ, ಮಕ್ಕಳು ಯಾರೆಂದು ಕೇಳುತ್ತಾರೆ. ಆ ದಿನಗಳ ಈಸ್ಟ್ ಇಂಡಿಯಾ ಕಂಪನಿಗೆ ಯಾವುದು ಹೆಮ್ಮೆಯ ವಿಷಯವಾಗಿತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ.

ಊರಿಗೆ ಹೋದಾಗ ಮೈಸೂರು, ಮಂಡ್ಯದ ಗೆಳೆಯರ ನಡುವೆ ಈ ಮಾತು ಬಂದೇ ಬರುತ್ತದೆ. ವಿವಾದವಿರುವವರ ಪ್ರತಿಮೆ ಇರಬೇಕೋ, ತೆಗೆಯಬೇಕೋ? ಇಷ್ಟು ವರ್ಷ ತಮಿಳುನಾಡಿನಲ್ಲಿದ್ದು ಇಲ್ಲಿನವರು ಮಾಡಿದ ಒಳ್ಳೆಯದನ್ನೂ ಕೆಟ್ಟದ್ದನ್ನೂ ನೋಡಿದ ಮೇಲೆ, ಮೊದಲು ಕೇಳಬೇಕಾದದ್ದು ಬೇರೆ ಎಂದು ನನಗೆ ಅನಿಸಿದೆ. ಆ ಪೀಠ ಆ ಮನುಷ್ಯನ ಯಾವ ಕೆಲಸವನ್ನು ಹೊಗಳುತ್ತಿದೆ? ಅದನ್ನು ಇಡುವ, ಎತ್ತುವ ತೀರ್ಮಾನ ಯಾರದು?

ಚೆನ್ನೈನ ಮೌಂಟ್ ರೋಡಿನಲ್ಲಿ ಒಂದು ಕಾಲಕ್ಕೆ ಜೇಮ್ಸ್ ನೀಲ್ ಎಂಬ ಸೇನಾಧಿಕಾರಿಯ ಪ್ರತಿಮೆ ಇತ್ತು. 1857ರಲ್ಲಿ ಅಲಹಾಬಾದಿನಲ್ಲಿ ವಿಚಾರಣೆಯ ಹಂಗಿಲ್ಲದೆ ಜನರನ್ನು ಸಾಲುಸಾಲಾಗಿ ಗಲ್ಲಿಗೇರಿಸಿದವನು, ಕಾನ್ಪುರದಲ್ಲಿ ಸೆರೆಯಾಳುಗಳಿಂದ ನೆಲದ ರಕ್ತ ಒರೆಸಿಸಿ ಆಮೇಲೆ ನೇಣಿಗೆ ಹಾಕಿಸಿದವನು. ಅವನನ್ನು ಕಂಚಿನಲ್ಲಿ ನಿಲ್ಲಿಸಿದ್ದು ಅದೇ ದಂಡಯಾತ್ರೆಗಾಗಿ. 1927ರಲ್ಲಿ ಅದನ್ನು ತೆಗೆಯಬೇಕೆಂದು ಸತ್ಯಾಗ್ರಹ ಶುರುವಾಯಿತು. ಮೊದಮೊದಲು ಸುತ್ತಿಗೆ ಹಿಡಿದು ಹೋದವರೂ ಇದ್ದರು. ಗಾಂಧೀಜಿ ಬೆಂಬಲ ಕೊಟ್ಟರು, ಆದರೆ ಅಹಿಂಸೆ ತಪ್ಪಬಾರದು ಎಂದರು. ಎಷ್ಟೋ ಜನ ಜೈಲಿಗೆ ಹೋದರು, ಪ್ರತಿಮೆ ಮಾತ್ರ ಕದಲಲಿಲ್ಲ. ಹತ್ತು ವರ್ಷದ ನಂತರ, 1937ರಲ್ಲಿ, ಚುನಾವಣೆಯಲ್ಲಿ ಗೆದ್ದು ಬಂದ ರಾಜಾಜಿಯವರ ಸರ್ಕಾರ ಅದನ್ನು ರಸ್ತೆಯಿಂದ ಎತ್ತಿಸಿತು. ಈಗ ಅದು ಎಗ್ಮೋರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಹತ್ತು ವರ್ಷ ದೊಡ್ಡ ಕಾಲವೇ. ಆದರೆ ಆ ಹತ್ತು ವರ್ಷ ನೀಲ್ ಏನು ಮಾಡಿದ್ದನೆಂದು ಊರಿಗೆಲ್ಲ ತಿಳಿಯುವಂತೆ ಮಾಡಿತು. ರಾತ್ರೋರಾತ್ರಿ ಯಾರಾದರೂ ಕೆಡವಿದ್ದರೆ ಬರೀ ಪೊಲೀಸ್ ಕೇಸು ಉಳಿಯುತ್ತಿತ್ತು.

ಇನ್ನು ಥಾಮಸ್ ಮನ್ರೋ. ಐಲ್ಯಾಂಡ್ ಮೈದಾನದ ಬಳಿ, ರಿಕಾಪೇ ಇಲ್ಲದ ಕುದುರೆಯ ಮೇಲೆ ಅವನು 1839ರಿಂದ ಕುಳಿತಿದ್ದಾನೆ. ಅವನೂ ಮೈಸೂರಿನ ವಿರುದ್ಧ ಯುದ್ಧ ಮಾಡಿದವನೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಜ್ಯ ಹಂಚಿದ ಸಮಿತಿಗೆ ಕಾರ್ಯದರ್ಶಿಯಾಗಿದ್ದವನು. ನಮ್ಮ ಕರಾವಳಿಯ ಮೊದಲ ಕಲೆಕ್ಟರ್ ಕೂಡ ಅವನೇ. ಮಂತ್ರಾಲಯದ ರಾಯರ ಕಥೆಯಲ್ಲಿ ಬರುವ ಮನ್ರೋ ಸಾಹೇಬ ಇವನೇ ಎಂದರೆ ಓದುಗರಿಗೆ ಥಟ್ಟನೆ ನೆನಪಾಗುತ್ತದೆ. ಅವನ ಪ್ರತಿಮೆ ನಿಂತದ್ದು ಗವರ್ನರನಾಗಿ ನಡೆಸಿದ ಆಡಳಿತಕ್ಕೆ, ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಗೆ. ಆ ಪದ್ಧತಿಯ ಬಗ್ಗೆ ಜಗಳವಾಡಬಹುದು, ಆಡಬೇಕು. ಆದರೆ ಅದು ನೀಲ್‌ನ ನೇಣುಗಂಬವಲ್ಲ. ಇಬ್ಬರನ್ನೂ ‘ಬ್ರಿಟಿಷರು’ ಎಂಬ ಒಂದೇ ಮಾತಿನಲ್ಲಿ ಕಟ್ಟಿ ಕೆಡಹುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ತಮಿಳುನಾಡು ಎಲ್ಲದರಲ್ಲೂ ಮಾದರಿ ಎಂದು ನಾನು ಹೇಳುವುದಿಲ್ಲ. ಮರೀನಾ ಬೀಚಿನಲ್ಲಿದ್ದ, ತಮಿಳಿನ ಶಿಲಪ್ಪದಿಕಾರಂ ಕಾವ್ಯದ ನಾಯಕಿ ಕಣ್ಣಗಿಯ ಪ್ರತಿಮೆಯನ್ನು 2001ರಲ್ಲಿ ತೆಗೆದರು, ಸರ್ಕಾರ ಬದಲಾದ ಮೇಲೆ 2006ರಲ್ಲಿ ಮತ್ತೆ ತಂದು ನಿಲ್ಲಿಸಿದರು. ಎರಡು ಸಲವೂ ಪಕ್ಷದ ಲೆಕ್ಕಾಚಾರವೇ ನಡೆಯಿತು. ಅದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಇಲ್ಲಿನ ಎಷ್ಟೋ ಊರುಗಳಲ್ಲಿ ಅಂಬೇಡ್ಕರ್ ಪ್ರತಿಮೆಗಳು ಕಬ್ಬಿಣದ ಪಂಜರದೊಳಗಿವೆ. ಕೇಡಿಗರು ಕೈಮಾಡದಿರಲಿ ಎಂದು ಹಾಕಿದ ಪಂಜರಗಳು. ‘ನಮಗೆ ಬೇಡವಾದದ್ದನ್ನು ಕೆಡವಿದರೆ ಏನಂತೆ’ ಎನ್ನುವವರು ಆ ಪಂಜರಗಳನ್ನು ಒಮ್ಮೆ ನೋಡಬೇಕು. ಗುಂಪಿನ ಕೈಗೆ ಸುತ್ತಿಗೆ ಕೊಟ್ಟರೆ ಅದು ನೀಲ್‌ನನ್ನು ಹುಡುಕಿಕೊಂಡು ಹೋಗುವುದಿಲ್ಲ. ಆ ಊರಿನಲ್ಲಿ ಬಲವಿಲ್ಲದವರು ಯಾರನ್ನು ನೆಚ್ಚಿಕೊಂಡಿದ್ದಾರೋ ಅವರ ಮೇಲೆ ಬೀಳುತ್ತದೆ.

ನಮ್ಮ ಶ್ರೀರಂಗಪಟ್ಟಣದ ವಿಷಯಕ್ಕೆ ಬರುತ್ತೇನೆ. ಕೋಟೆಯ ಗೋಡೆಯ ಮೇಲೆ, ಕಾವೇರಿಯ ಕಡೆಗೆ, ಒಂದು ಎತ್ತರದ ಕಲ್ಲುಗಂಬವಿದೆ. 1799ರ ಮುತ್ತಿಗೆಯಲ್ಲಿ ಕಂಪನಿಯ ಪರ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ್ದು. ನಿಲ್ಲಿಸಿದವರು ಇಂಗ್ಲಿಷರಲ್ಲ, ನಾಲ್ವಡಿಯವರ ಕಾಲದ ಮೈಸೂರು ಸರ್ಕಾರ, 1907ರಲ್ಲಿ. ಕೆಲವರಿಗೆ ಇದು ಅವಮಾನವಾಗಿ ಕಾಣುತ್ತದೆ. ಆದರೆ ಅದೇ ಯುದ್ಧ ಮುಗಿದ ಮೇಲೆಯೇ ಐದು ವರ್ಷದ ಮುಮ್ಮಡಿ ಕೃಷ್ಣರಾಜರು ಸಿಂಹಾಸನವೇರಿದ್ದು. ಗುಂಬಜ್‌ನಲ್ಲಿ ಮಲಗಿರುವ ಟಿಪ್ಪುವಿಗೆ ಕೊನೆಯಾದ ದಿನವೇ ಅರಮನೆಗೆ ಆರಂಭದ ದಿನ. ನಾಲ್ವಡಿಯವರ ಕನ್ನಂಬಾಡಿ ಕಟ್ಟೆಯ ನೀರು ಕುಡಿಯುವ ಮಂಡ್ಯದ ನಾವು ಈ ಎರಡನ್ನೂ ಒಟ್ಟಿಗೆ ಹೊರಬೇಕು. ಒಂದನ್ನು ಮರೆತರೆ ಇನ್ನೊಂದು ಸುಳ್ಳಾಗುತ್ತದೆ. ಆ ಗಂಬ ಅಲ್ಲೇ ಇರಲಿ. ಆದರೆ ಅದರ ಪಕ್ಕದಲ್ಲಿ ಕೋಟೆಯ ಒಳಗೆ ಸತ್ತವರ ಬಗ್ಗೆಯೂ ಒಂದು ಕಲ್ಲು ಬೇಕು, ಕನ್ನಡದಲ್ಲಿ, ಅಷ್ಟೇ ಗೌರವದಿಂದ ಬರೆದದ್ದು.

ಇಂಥದ್ದು ಆಗದ ಕೆಲಸವೇನಲ್ಲ. ದರಿಯಾ ದೌಲತ್‌ನ ಗೋಡೆಯನ್ನು ನೋಡಿ. 1780ರಲ್ಲಿ ಕಾಂಚೀಪುರದ ಬಳಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷ್ ಪಡೆಯನ್ನು ಬಗ್ಗುಬಡಿದ ಚಿತ್ರ, ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿ ಕುಳಿತ ಕರ್ನಲ್ ಬೇಲಿ. ಮಾಸಿಹೋಗಿದ್ದ ಆ ಚಿತ್ರವನ್ನು ಟಿಪ್ಪುವಿನ ನಂತರ ಆ ಅರಮನೆಯಲ್ಲಿ ವಾಸವಿದ್ದ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಮತ್ತೆ ಬರೆಯಿಸಿದ. ಆಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ದುರಸ್ತಿ ಮಾಡಿಸಿದ. ಗೆದ್ದವರೇ ತಾವು ಸೋತ ಚಿತ್ರಕ್ಕೆ ಬಣ್ಣ ಬಳಿಸಿದರು. ಗೆದ್ದವನಿಗೆ ಅದು ಸುಲಭ ಎನ್ನಬಹುದು, ನಿಜ. ಆದರೂ ಅವರು ಅದರ ಮೇಲೆ ಸುಣ್ಣ ಬಳಿದು ಸುಮ್ಮನಿದ್ದರೆ ನಮಗೆ ಏನು ಉಳಿಯುತ್ತಿತ್ತು?

ಇದೇ ಕಾರಣಕ್ಕೆ 2022ರಲ್ಲಿ ಮೈಸೂರಿನಲ್ಲೋ ಶ್ರೀರಂಗಪಟ್ಟಣದಲ್ಲೋ ನೂರು ಅಡಿ ಎತ್ತರದ ಟಿಪ್ಪು ಪ್ರತಿಮೆ ನಿಲ್ಲಿಸುವ ಮಾತು ಬಂದಾಗ ನನಗೆ ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ಟಿಪ್ಪು ಎಕ್ಸ್‌ಪ್ರೆಸ್ ರೈಲಿನ ಹೆಸರು ತೆಗೆದು ಒಡೆಯರ್ ಎಕ್ಸ್‌ಪ್ರೆಸ್ ಎಂದಾಗಲೂ ಆಗಲಿಲ್ಲ. ಶೃಂಗೇರಿ ಮಠವನ್ನು ಮರಾಠಾ ದಂಡು ಲೂಟಿ ಮಾಡಿದ ಮೇಲೆ ಟಿಪ್ಪು ಸ್ವಾಮಿಗಳಿಗೆ ಬರೆದ ಪತ್ರಗಳಿವೆ, ಕೊಟ್ಟ ನೆರವಿದೆ. ಕೊಡಗಿನವರ ನೆನಪಿನಲ್ಲಿ ಸೆರೆಹಿಡಿದು ಸಾಗಿಸಿದ ಕಥೆಯಿದೆ. ಆ ದಿನ ಟಿಪ್ಪು ತಮ್ಮವರನ್ನು ಕೊಲ್ಲಿಸಿದನೆಂಬ ನೆನಪಿಗೆ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ಇಂದಿಗೂ ನರಕ ಚತುರ್ದಶಿಯ ಹಬ್ಬವಿಲ್ಲ. ಈ ಮೂರನ್ನೂ ಹೊರಬಲ್ಲ ಪೀಠವನ್ನು ಯಾವ ಶಿಲ್ಪಿಯೂ ಕಟ್ಟಲಾರ. ನೂರು ಅಡಿಯ ಕಂಚು ಒಂದೇ ಮಾತು ಹೇಳುತ್ತದೆ, ಉಳಿದವರನ್ನು ಬಾಯಿ ಮುಚ್ಚಿಸುತ್ತದೆ. ಹಾಗೆಯೇ, 2023ರಲ್ಲಿ ಮಂಡ್ಯದಲ್ಲಿ, ಟಿಪ್ಪುವನ್ನು ಕೊಂದವರೆಂದು ಕೆಲವರು ಹೇಳುವ ಉರಿಗೌಡ, ನಂಜೇಗೌಡರ ಹೆಸರಿನಲ್ಲಿ ಮಹಾದ್ವಾರ ಎದ್ದಾಗ ಜಿಲ್ಲೆಯ ಜನ ಆಧಾರ ಎಲ್ಲಿ ಎಂದು ಕೇಳಿದರು, ಹೆಸರು ಬದಲಾಯಿತು. ದೂರದ ಚೆನ್ನೈಯಲ್ಲಿ ಕುಳಿತು ಆ ಸುದ್ದಿ ಓದಿ ನನ್ನ ಜಿಲ್ಲೆಯ ಬಗ್ಗೆ ಹೆಮ್ಮೆಪಟ್ಟೆ.

ರಸ್ತೆ, ಫುಟ್‌ಪಾತ್ ಮುಂತಾದ ಸಾರ್ವಜನಿಕ ಜಾಗಗಳಲ್ಲಿ ಹೊಸ ಪ್ರತಿಮೆಗಳಿಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶಿಸಿದೆ. ಅದು ಸಂಚಾರದ ಅನುಕೂಲದ ಮಾತು. ನಾನು ಕೇಳುವುದು ಅದಕ್ಕೂ ಮೊದಲಿನದು. ಮೈಸೂರು ಮಹಾನಗರ ಪಾಲಿಕೆಯಾಗಲಿ, ಮಂಡ್ಯ ನಗರಾಡಳಿತವಾಗಲಿ, ಇರುವುದನ್ನು ತೆಗೆಯಲು ಅಥವಾ ಹೊಸದನ್ನು ನಿಲ್ಲಿಸಲು ಹೊರಟರೆ ಮೊದಲು ಬಹಿರಂಗ ಸಭೆ ಕರೆಯಲಿ. ಗುಂಬಜ್‌ನ ಸುತ್ತಮುತ್ತಲಿನವರು ಬರಲಿ, ಮೇಲುಕೋಟೆಯವರು ಬರಲಿ, ಇತಿಹಾಸ ಬಲ್ಲ ಮೇಷ್ಟರುಗಳು ದಾಖಲೆ ತರಲಿ. ಯಾವ ಕೆಲಸಕ್ಕಾಗಿ ಈ ಗೌರವ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲಿ. ತೆಗೆಯುವ ತೀರ್ಮಾನವಾದರೆ ಅದು ಗೋದಾಮಿಗೆ ಹೋಗಬಾರದು, ಮ್ಯೂಸಿಯಂಗೆ ಹೋಗಬೇಕು. ಯಾಕೆ ತೆಗೆದೆವು ಎಂಬುದನ್ನೂ ಅದರ ಪಕ್ಕದಲ್ಲೇ ಕನ್ನಡದಲ್ಲಿ ಬರೆದಿಡಬೇಕು.