ಮೀನಿನ ತೊಟ್ಟಿಯ ಭಾರ ಹೊರುವವರು ಯಾರು?

ದೊಡ್ಡ ಅಕ್ವೇರಿಯಂ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ವಾದ ತೆಗೆಯುತ್ತಾರೆ: "ಆರು ಜನ ಒಟ್ಟಿಗೆ ನಿಂತರೆ ನೆಲ ಕುಸಿಯುತ್ತಾ? ಇದೂ ಅಷ್ಟೇ ಭಾರ, ಇಡಿ ಇಡಿ." ನನಗೆ ಈ ಧೈರ್ಯ ಒಪ್ಪಿಗೆಯಿಲ್ಲ.

ಲೆಕ್ಕವೇನೋ ಸರಿ. 120 ಸೆಂ.ಮೀ. ಉದ್ದ, 45 ಅಗಲ, 60 ಎತ್ತರದ ತೊಟ್ಟಿಯಲ್ಲಿ ನೀರೇ 320 ಕೆ.ಜಿ. 10 ಮಿ.ಮೀ. ಗಾಜು ಚದರ ಮೀಟರಿಗೆ 25 ಕೆ.ಜಿ. ತೂಗುತ್ತದೆ, ಹಾಗಾಗಿ ಖಾಲಿ ತೊಟ್ಟಿಯೇ 60 ದಾಟುತ್ತದೆ. ಕಲ್ಲು, ಮರಳು, ಸ್ಟ್ಯಾಂಡ್ ಸೇರಿದರೆ 450ರ ಆಸುಪಾಸು. ಆರು ಜನರ ತೂಕವೇ. ಆದರೆ ಆ ಆರು ಜನ ಫೋಟೊ ತೆಗೆಸಿಕೊಂಡು ಆಚೆ ಹೋಗುತ್ತಾರೆ, ತೊಟ್ಟಿ ವರ್ಷಗಟ್ಟಲೆ ಕೂತಲ್ಲೇ ಕೂತಿರುತ್ತದೆ. ಭಾರ ಇಳಿಯದೇ ಹೋದರೆ ಕಾಂಕ್ರೀಟೂ ಮರವೂ ನಿಧಾನವಾಗಿ ಬಾಗುತ್ತಲೇ ಹೋಗುತ್ತವೆ. ಎಂಜಿನಿಯರುಗಳು ಇದನ್ನು ಕ್ರೀಪ್ ಅನ್ನುತ್ತಾರೆ.

ಎಲ್ಲರೂ ಕೇಳುವುದು "ಎಷ್ಟು ಲೀಟರ್?" ಅಂತ. ನಾನು ಮೊದಲು ಕೇಳುವುದು ಎತ್ತರ. 60 ಸೆಂ.ಮೀ. ನೀರು ನಿಂತರೆ ತಳದ ಪ್ರತಿ ಚದರ ಮೀಟರಿನ ಮೇಲೆ 600 ಕೆ.ಜಿ., ತೊಟ್ಟಿ ಚಿಕ್ಕದಿರಲಿ ದೊಡ್ಡದಿರಲಿ. ಮನೆಯ ನೆಲವನ್ನು ಬಹಳ ಕಡೆ ಚದರ ಮೀಟರಿಗೆ 150ರಿಂದ 200 ಕೆ.ಜಿ. ಬಳಕೆಯ ಭಾರಕ್ಕೆ (ಜನ, ಸಾಮಾನು ಇತ್ಯಾದಿ) ಕಟ್ಟಿರುತ್ತಾರೆ. ಹಾಗಂತ ಗಾಬರಿ ಬೇಡ. ಅದು ಇಡೀ ಕೋಣೆಗೆ ಹರಡಿದ ಲೆಕ್ಕ, ಒಂದು ಮೂಲೆಯ ಭಾರವನ್ನು ಸುತ್ತಲಿನ ಸ್ಲ್ಯಾಬೂ ಹಂಚಿಕೊಳ್ಳುತ್ತದೆ. ಆದರೂ ಅಷ್ಟೇ ಲೀಟರಿಗೆ ಉದ್ದವಾದ, ಗಿಡ್ಡ ತೊಟ್ಟಿ ಸಿಗುವಾಗ ಎತ್ತರದ್ದನ್ನು ಯಾಕೆ ಕೊಳ್ಳುತ್ತಾರೋ! ನೀರಿನ ಮೇಲ್ಮೈ ಹೆಚ್ಚಿದಷ್ಟೂ ಗಾಳಿ ಚೆನ್ನಾಗಿ ಬೆರೆಯುತ್ತದೆ, ಮೀನಿಗೂ ಅದೇ ಹಿತ.

ನೆಲಮಹಡಿಯಲ್ಲಿ, ಮಣ್ಣಿನ ಮೇಲೆ ನೇರವಾಗಿ ಹಾಸಿದ ಕಾಂಕ್ರೀಟಾದರೆ ಚಿಂತೆ ಕಡಿಮೆ. ಮೇಲಿನ ಮಹಡಿಯಾದರೆ ಭಾರ ಹೊರುವ ಗೋಡೆಗೆ ಒತ್ತಿ, ಇಲ್ಲವೇ ಬೀಮಿನ ಮೇಲೆ ಇಡಿ. ಗೋಡೆ ಅಂದರೆ ಎಲ್ಲ ಗೋಡೆಯೂ ಅಲ್ಲ, ಕೋಣೆ ಭಾಗ ಮಾಡಲು ಎಬ್ಬಿಸಿದ ತೆಳು ಗೋಡೆಯ ಪಕ್ಕ ಇಟ್ಟರೆ ಏನೂ ಲಾಭವಿಲ್ಲ. ಮರದ ತೊಲೆಗಳ ನೆಲವಾದರೆ ತೊಟ್ಟಿಯ ಉದ್ದ ತೊಲೆಗಳಿಗೆ ಅಡ್ಡವಾಗಿರಬೇಕು, ಆಗ ಮೂರ್ನಾಲ್ಕು ತೊಲೆಗಳು ಭಾರ ಹಂಚಿಕೊಳ್ಳುತ್ತವೆ. ಹೊರಚಾಚಿದ ಬಾಲ್ಕನಿಯಂತೂ ಬೇಡವೇ ಬೇಡ.

ಇನ್ನು ಸ್ಟ್ಯಾಂಡ್. ನೆಲದ ಬಗ್ಗೆ ತಲೆ ಕೆಡಿಸಿಕೊಂಡವರೂ ಇಲ್ಲಿ ಉದಾಸೀನ ಮಾಡುತ್ತಾರೆ. ಭಾರ ಮರದಿಂದ ಮರಕ್ಕೆ ನೇರವಾಗಿ ಕೆಳಗಿಳಿಯಬೇಕು, ಸ್ಕ್ರೂಗಳ ಮೇಲೆ ನೇತಾಡಬಾರದು. ಮೇಲಿನ ಚೌಕಟ್ಟು ಕಾಲಿನ ತಲೆಯ ಮೇಲೆ ಕೂತಿರಲಿ, ಪಕ್ಕಕ್ಕೆ ಮೊಳೆ ಹೊಡೆದು ಅಂಟಿಸಿದ್ದಲ್ಲ. ಅಕ್ಕಪಕ್ಕ ಓಲಾಡದಂತೆ ಹಿಂದೆ ಒಂದು ಹಲಗೆಯೋ ಓರೆಪಟ್ಟಿಯೋ ಬೇಕು. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ನೀರು ಕುಡಿದರೆ ಉಬ್ಬಿ ಪುಡಿಯಾಗುತ್ತದೆ, ತೊಟ್ಟಿಯ ಕೆಳಗೆ ನೀರು ಸೋರದ ದಿನವೆಲ್ಲಿ? ನಾಲ್ಕು ಸಣ್ಣ ಕಾಲಿನ ಕಬ್ಬಿಣದ ಸ್ಟ್ಯಾಂಡಿನಲ್ಲಿ ಒಂದೊಂದು ಕಾಲಿಗೂ ನೂರು ಕೆ.ಜಿ. ಮೀರುತ್ತದೆ. ಟೈಲ್ಸ್ ಅಡಿ ಪೊಳ್ಳಿದ್ದರೆ ಸೀಳುತ್ತದೆ, ಕಾಲಿನ ಕೆಳಗೆ ಅಗಲದ ಪಟ್ಟಿ ಕೊಡಿ.

ಮಟ್ಟ ತಪ್ಪಿದರೆ ಗಾಜಿಗೆ ತಿರುಚು ಬಿದ್ದು ಸಿಲಿಕೋನ್ ಜೋಡಣೆ ಬಿಡಬಹುದು. ಸರಿಪಡಿಸಲು ಚಕ್ಕೆ ಕೊಡುವುದು ಸ್ಟ್ಯಾಂಡಿನ ಕೆಳಗೆ, ಗಾಜಿನ ಕೆಳಗಲ್ಲ. ತೊಟ್ಟಿಗೂ ಸ್ಟ್ಯಾಂಡಿಗೂ ನಡುವೆ ಹಾಸುವ ಫೋಮ್ ಹಾಳೆ ಸಪಾಟು ತಳದ ತೊಟ್ಟಿಗೆ ಮಾತ್ರ. ತಳಕ್ಕೆ ಪ್ಲಾಸ್ಟಿಕ್ ಚೌಕಟ್ಟಿದ್ದರೆ ಭಾರ ಅಂಚಿನಲ್ಲೇ ಕೂರಬೇಕು, ಫೋಮ್ ಬೇಡ.

ನೀರನ್ನು ಅರ್ಧ ತುಂಬಿಸಿ ನಿಲ್ಲಿಸಿ, ತೊಟ್ಟಿ ಮಟ್ಟವಾಗಿ ಕೂತಿದೆಯೇ ಮತ್ತೊಮ್ಮೆ ನೋಡಿ, ಆಮೇಲೆ ಪೂರ್ತಿ ತುಂಬಿಸಿ. ಒಂದೆರಡು ದಿನ ಮೀನಿಲ್ಲದೆ ಹಾಗೇ ಇರಲಿ. ಕಟ್ಟಡ ಹಳೆಯದಾಗಿ ಸ್ಲ್ಯಾಬಿನಲ್ಲಿ ಬಿರುಕಿದ್ದರೆ, ಅಥವಾ ತೊಟ್ಟಿ ಇದಕ್ಕಿಂತ ದುಪ್ಪಟ್ಟು ದೊಡ್ಡದಾದರೆ, ಅಂಗಡಿಯವರ ಭರವಸೆ ಸಾಲದು. ಸ್ಟ್ರಕ್ಚರಲ್ ಎಂಜಿನಿಯರೊಬ್ಬರನ್ನು ಕರೆಸಿ ಜಾಗ ತೋರಿಸಿ, ತೊಟ್ಟಿಗೆ ದುಡ್ಡು ಕೊಡುವ ಮೊದಲು.