ಪೆಟ್ರೋಲ್ ಇದ್ಯಾ ನೋಡಿ

ಮೊನ್ನೆ ಶನಿವಾರ ಸಂಜೆ ಹನುಮಂತನಗರದ ಒಂದು ಏರುರಸ್ತೆಯಲ್ಲಿ ಎಡಕ್ಕೆ ತಿರುಗುವಾಗ ನನ್ನ ಬೈಕು ನಿಂತುಹೋಯಿತು. ಕೆಮ್ಮಿ, ಗೊರಗೊರ ಅಂದು, ಎರಡು ಸಲ ಜರ್ಕ್ ಹೊಡೆದು ನಿಂತಿದ್ದಲ್ಲ. ಮನೆಯಲ್ಲಿ ಕರೆಂಟ್ ಹೋಗುತ್ತಲ್ಲ, ಹಾಗೆ, ಫಟ್ ಅಂತ. ಹೆಡ್‌ಲೈಟ್ ಇಲ್ಲ, ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ. ನ್ಯೂಟ್ರಲ್‌ಗೆ ಹಾಕಿದರೆ ಆ ಹಸಿರು ದೀಪವೂ ಇಲ್ಲ. ಹಿಂದೆ ಹೆಂಡತಿ. ಅವಳ ಮಡಿಲಲ್ಲಿ ಗಾಂಧಿ ಬಜಾರಿನಲ್ಲಿ ಕೊಂಡ ಎರಡು ಮೊಳ ಮಲ್ಲಿಗೆ ಮತ್ತು ಒಂದು ಸಿಹಿಗುಂಬಳ.

"ಮತ್ತೆ ಶುರುವಾಯ್ತಾ?" ಅಂದಳು.

ಒಂದು ತಿಂಗಳಲ್ಲಿ ಇದು ಆರನೇ ಸಲ. ಐದು ಸಲವೂ ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋಗಿದ್ದೆ. ಅಲ್ಲಿ ಹೋಗಿ ಡಬಲ್ ಸ್ಟ್ಯಾಂಡ್ ಹಾಕಿ ಕೀ ತಿರುಗಿಸಿದರೆ ಎಲ್ಲ ದೀಪಗಳೂ ಜಗಮಗ. ಡಾಕ್ಟರ್ ಎದುರು ಕೂತ ತಕ್ಷಣ ಕೆಮ್ಮು ನಿಲ್ಲುವ ರೋಗಿಯ ಹಾಗೆ. "ನನ್ನ ಮುಂದೆ ಆಫ್ ಆಗ್ಲಿ ಸಾರ್, ಆಮೇಲೆ ನೋಡೋಣ" ಅನ್ನುತ್ತಾನೆ ಅವನು. ಆದರೂ ಬರಿಗೈಯಲ್ಲಿ ಕಳಿಸಬಾರದು ಅಂತ ಪ್ರತಿ ಸಲವೂ ಏನಾದರೊಂದು ಬದಲಾಯಿಸುತ್ತಿದ್ದ. ಮೊದಲು ಫ್ಯೂಸ್. ಆಮೇಲೆ ಬ್ಯಾಟರಿ. ಆಮೇಲೆ ಕೀ ಸ್ವಿಚ್. ಕೀ ಸ್ವಿಚ್ ಹೊಸದಾದ ಮೇಲೆ ಗಾಡಿಗೆ ಒಂದು ಕೀ, ಪೆಟ್ರೋಲ್ ಟ್ಯಾಂಕಿಗೆ ಇನ್ನೊಂದು ಕೀ. ಎರಡೂ ನೋಡಲು ಅವಳಿ ಮಕ್ಕಳು. ಬಂಕಿನಲ್ಲಿ ನಾನು ಸರಿಯಾದ ಕೀ ಹುಡುಕುವಷ್ಟರಲ್ಲಿ ಹಿಂದಿನವರು ಹಾರ್ನ್ ಶುರು ಮಾಡಿರುತ್ತಾರೆ. ಅವರ ಹಾರ್ನ್ ಯಾವಾಗಲೂ ಕೆಲಸ ಮಾಡುತ್ತದೆ.

ನನ್ನ ಗಾಡಿಗೆ ಕಿಕ್ಕರ್ ಇದೆ. ಆದರೆ ಬ್ಯಾಟರಿಯಿಂದ ಕರೆಂಟ್ ಬರದಿದ್ದರೆ ಆ ಕಿಕ್ಕರ್ ಬರೀ ಕಾಲಿಗೆ ವ್ಯಾಯಾಮ. ಹದಿನೈದು ಸಲ ಹೊಡೆದೆ. ಅಷ್ಟರಲ್ಲಿ ಒಬ್ಬ ಸ್ಕೂಟರಿನವನು ನಿಧಾನ ಮಾಡಿ, "ಬಾಸ್, ಪೆಟ್ರೋಲ್ ಇದ್ಯಾ ನೋಡಿ" ಎಂದು ಹೇಳಿ ಹೋದ.

ಇದೊಂದು ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತದೆ. ಬೆಂಗಳೂರಿನಲ್ಲಿ ಗಾಡಿ ಪಕ್ಕಕ್ಕೆ ಹಾಕಿ ನಿಂತವನನ್ನು ಕಂಡರೆ ಜನ ಕೇಳುವುದು ಇದೊಂದೇ. ಪಂಕ್ಚರ್ ಆಗಿ ಚಕ್ರ ನೆಲಕ್ಕೆ ಅಂಟಿಕೊಂಡಿರಲಿ, ಚೈನ್ ಕಿತ್ತು ಕೈಗೆ ಬಂದಿರಲಿ, ಪೆಟ್ರೋಲ್ ಇದ್ಯಾ ನೋಡಿ. ಹಾರ್ನ್ ಬಡಿಯುವುದಕ್ಕೆ ಯಾರಾದರೂ ಪೆಟ್ರೋಲ್ ಹಾಕುತ್ತಾರಾ ಸ್ವಾಮಿ?

ಎದುರು ಮನೆಯ ಗೇಟು ತೆರೆಯಿತು. ಪಂಚೆ, ಬನಿಯನ್ನಿನ ಯಜಮಾನರು ಹೊರಗೆ ಬಂದರು. ಎಪ್ಪತ್ತು ದಾಟಿರಬೇಕು. ಕಣ್ಣಲ್ಲಿ ಮಾತ್ರ ಕೆಲಸ ಸಿಕ್ಕ ಸಂತೋಷ.

"ಏನಾಯ್ತು ಸ್ವಾಮಿ? ಪೆಟ್ರೋಲ್ ಇದ್ಯಾ ನೋಡಿದ್ರಾ?"

"ಇದೆ ಸಾರ್. ಇದು ಕರೆಂಟ್ ಪ್ರಾಬ್ಲಮ್ಮು. ಲೈಟೇ ಬರ್ತಿಲ್ಲ ನೋಡಿ."

"ಅದೆಲ್ಲ ಆಮೇಲೆ. ಮೊದಲು ಟ್ಯಾಂಕ್ ತೆಗೀರಿ."

ಕೀ ಹಾಕಿದೆ. ಅದು ಗಾಡಿಯ ಕೀ. ಇನ್ನೊಂದು ಹಾಕಿದೆ. ಮುಚ್ಚಳ ತೆಗೆದೆ. ಯಜಮಾನರು ಬಗ್ಗಿ ನೋಡಿದರು. ಮೂಸಿದರು. ಎರಡೂ ಕೈಯಲ್ಲಿ ಗಾಡಿ ಹಿಡಿದು ಅಲ್ಲಾಡಿಸಿ, ಕಿವಿ ಹತ್ತಿರ ತಂದು ಸದ್ದು ಕೇಳಿದರು, ತೆಂಗಿನಕಾಯಿ ಆರಿಸುವವರ ಹಾಗೆ.

"ಇದೆ" ಅಂದರು, ಸ್ವಲ್ಪ ನಿರಾಸೆಯಿಂದ.

ಇಲ್ಲಿಗೆ ಮುಗಿಯಿತು ಅಂದುಕೊಂಡು ಮುಚ್ಚಳ ಹಾಕಿ, ಗಾಡಿಯ ಕೀಯನ್ನು ಮತ್ತೆ ಅದರ ಜಾಗಕ್ಕೆ ಹಾಕಿ ತಿರುಗಿಸಿದೆ. ದೀಪ ಬರಲಿಲ್ಲ. "ಇದ್ರೂ ಇಳೀತಿಲ್ಲ" ಅಂದರು. "ವಾಲಿಸ್ಬೇಕು. ನಮ್ಮ ಸ್ಕೂಟರ್ ಇಪ್ಪತ್ತು ವರ್ಷ ಹೀಗೇ ವಾಲಿಸಿ ವಾಲಿಸಿ ಓಡ್ಸಿದೀನಿ." ಇದು ಸ್ಕೂಟರ್ ಅಲ್ಲ ಸಾರ್, ನೂರೈವತ್ತು ಕಿಲೋ ತೂಗತ್ತೆ ಅನ್ನುವಷ್ಟರಲ್ಲಿ ಪಂಚೆ ಮೇಲಕ್ಕೆ ಕಟ್ಟಿ ಒಂದು ಪಕ್ಕ ಹಿಡಿದಿದ್ದರು. ನಾನು ಇನ್ನೊಂದು ಪಕ್ಕ. ಹೆಂಡತಿ ಕುಂಬಳಕಾಯಿ ತಬ್ಬಿಕೊಂಡು ಫುಟ್‌ಪಾತಿನಲ್ಲಿ ನಿಂತು, ನಮ್ಮಿಬ್ಬರನ್ನೂ ಗುರುತೇ ಇಲ್ಲದವಳ ಹಾಗೆ ರಸ್ತೆಯ ಆ ತುದಿಯನ್ನು ನೋಡುತ್ತಿದ್ದಳು. ಯಜಮಾನರು "ಹ್ಞಾಂ, ಇನ್ನೂ, ಇನ್ನೂ" ಎನ್ನುತ್ತ ಗಾಡಿಯನ್ನು ಬಲಕ್ಕೆ ವಾಲಿಸಿದರು. ಹ್ಯಾಂಡಲ್ ತಾನಾಗಿ ಬಲಕ್ಕೆ ತಿರುಗಿತು.

ಮೀಟರಿನಲ್ಲಿ ಹಸಿರು ದೀಪ ಹತ್ತಿತು.

"ನೋಡಿದ್ರಾ! ಟ್ಯಾಂಕಲ್ಲಿ ಗಾಳಿ ಕಟ್ಟಿತ್ತು!"

ಪೆಟ್ರೋಲ್ ಟ್ಯಾಂಕಿನ ಗಾಳಿಗೂ ದೀಪಕ್ಕೂ ಏನು ಸಂಬಂಧ ಅಂತ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ, "ತುಂಬಾ ಥ್ಯಾಂಕ್ಸ್ ಅಂಕಲ್. ಇವರಿಗೆ ಒಂದು ತಿಂಗಳಿಂದ ಹೇಳ್ತಾನೇ ಇದೀನಿ" ಅಂದಳು. ಏನು ಹೇಳುತ್ತಿದ್ದಳೋ ನನಗಂತೂ ನೆನಪಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಪ್ಪನ ಹಳೇ ಬೈಕು ನೆನಪಾಯಿತು. ಅದರ ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿತ್ತು, ಆ ಜಾಗದಲ್ಲಿ ಅಪ್ಪ ಸ್ಪ್ಯಾನರ್ ಮತ್ತು ಒರೆಸುವ ಬಟ್ಟೆ ಇಡುತ್ತಿದ್ದರು. ಮ್ಯಾಗ್ನೆಟೋ ಗಾಡಿ, ಅಂದರೆ ಎಂಜಿನ್ ತಿರುಗಿದರೆ ತನಗೆ ಬೇಕಾದ ಕರೆಂಟ್ ತಾನೇ ಮಾಡಿಕೊಳ್ಳುವಂಥದ್ದು, ಒಂದು ಕಿಕ್ಕಿಗೆ ಸ್ಟಾರ್ಟ್. ಹಾರ್ನ್ ಬದಲು "ಸೈಡ್, ಸೈಡ್" ಎಂದು ಕೂಗುತ್ತಿದ್ದರು. ಹೆಡ್‌ಲೈಟ್ ಎಂಜಿನ್ ಓಡಿದಷ್ಟೇ ಉರಿಯುವುದು. ತುಮಕೂರಿನಿಂದ ಊರಿಗೆ ರಾತ್ರಿ ಬರುವಾಗ ಹಳ್ಳದ ಹತ್ತಿರ ನಿಧಾನ ಮಾಡಿದರೆ ದಾರಿಯೂ ಮಂಕಾಗುತ್ತಿತ್ತು. ಅಪ್ಪ ಕ್ಲಚ್ ಹಿಡಿದು ಸುಮ್ನೆ ಒಂದು ಸಲ ಅಕ್ಸಿಲರೇಟರ್ ಕೊಡುತ್ತಿದ್ದರು. ಕ್ಷಣ ಮಾತ್ರ ಹಳ್ಳ, ಬೇಲಿ, ಒಂದು ನಾಯಿ ಎಲ್ಲ ಬೆಳಗಿ ಮತ್ತೆ ಕತ್ತಲು. ಟ್ಯಾಂಕಿನ ಮೇಲೆ ಕೂತ ನಾನು ಆ ಬೆಳಕು ಅಪ್ಪನ ಕೈಯಿಂದಲೇ ಬರುತ್ತದೆ ಅಂದುಕೊಂಡಿದ್ದೆ.

ಮಲಗಿದ್ದವನು ಎದ್ದು ಕೂತೆ. ಬಲಕ್ಕೆ ತಿರುಗಿದ್ದು ಹ್ಯಾಂಡಲ್ ಅಲ್ವಾ?

ಭಾನುವಾರ ಎಸ್.ಪಿ. ರಸ್ತೆಯಲ್ಲಿ ಕೊಂಡ, ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿದು ಪಾರ್ಕಿಂಗಿನಲ್ಲಿ ಕೂತೆ. ಹೆಂಡತಿ ಮೊಬೈಲ್ ಟಾರ್ಚ್ ಹಿಡಿದು, ಆಕಳಿಸಿ, ಬೆಳಕನ್ನು ನನ್ನ ಕಿವಿಗೆ ಬಿಡುತ್ತಿದ್ದಳು. ಬ್ಯಾಟರಿಯಲ್ಲಿ 12.6 ವೋಲ್ಟ್, ಗುಂಡುಕಲ್ಲಿನ ಹಾಗಿದೆ. ಹೆಡ್‌ಲೈಟ್ ಬಿಚ್ಚಿ, ಕೀ ಸ್ವಿಚ್ಚಿಗೆ ಬರುವ ವೈರಿಗೆ ಮೀಟರಿನ ಕೆಂಪು ಕಡ್ಡಿ, ಗಾಡಿಯ ಕಬ್ಬಿಣಕ್ಕೆ ಕಪ್ಪು ಕಡ್ಡಿ ಮುಟ್ಟಿಸಿದೆ. ಹ್ಯಾಂಡಲ್ ನೇರ: 12.5. ಬಲಕ್ಕೆ: 12.5. ಪೂರ್ತಿ ಎಡಕ್ಕೆ: ಸೊನ್ನೆ.

ಮೆಕ್ಯಾನಿಕ್ ಮುಂದೆ ಯಾಕೆ ಆಫ್ ಆಗುತ್ತಿರಲಿಲ್ಲ ಅಂತ ಆಗ ಹೊಳೆಯಿತು. ಡಬಲ್ ಸ್ಟ್ಯಾಂಡ್ ಹಾಕಿದರೆ ಹ್ಯಾಂಡಲ್ ನೇರ. ರಸ್ತೆಯಲ್ಲಿ ನಾನು ಸೈಡ್ ಸ್ಟ್ಯಾಂಡ್ ಹಾಕಿದರೆ ಅದು ಎಡಕ್ಕೇ ಬೀಳುತ್ತದೆ, ನಾನು ಅದೇ ಭಂಗಿಯಲ್ಲಿ ಕಿಕ್ ಹೊಡೆಯುತ್ತೇನೆ.

ಸೋಮವಾರ ಮೊದಲ ಸಲ ಗಾಡಿ ಅವನ ಮುಂದೆ ಆಫ್ ಆಯಿತು. ನಾನು ಹೆಮ್ಮೆಯಿಂದ ಹ್ಯಾಂಡಲ್ ಎಡಕ್ಕೆ ತಿರುಗಿಸಿ ತೋರಿಸಿದೆ. ಅವನು ಹ್ಯಾಂಡಲಿನ ಬುಡದಲ್ಲಿದ್ದ ವೈರಿನ ಕಟ್ಟಿನಿಂದ ಒಂದನ್ನು ಎಳೆದು, ಮೇಲಿನ ಪ್ಲಾಸ್ಟಿಕ್ ಸೀಳಿದ. ಹೊರಗಡೆ ಹೊಸ ವೈರಿನ ಹಾಗಿದೆ. ಒಳಗೆ ತಾಮ್ರದ ಎಳೆಗಳೆಲ್ಲ ತುಂಡು. ಹ್ಯಾಂಡಲ್ ನೇರವಿದ್ದರೆ ತುದಿಗಳು ಮುಟ್ಟುತ್ತವೆ, ಎಡಕ್ಕೆ ತಿರುಗಿಸಿದರೆ ಬಿಡುತ್ತವೆ. ಬೆಸುಗೆ ಹಾಕಿ, ಸ್ಲೀವ್ ಏರಿಸಿ, ನೂರೈವತ್ತು ರೂಪಾಯಿ ತೆಗೆದುಕೊಂಡ. ಹಳೇ ಬ್ಯಾಟರಿ, ಹಳೇ ಕೀ ಸ್ವಿಚ್ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

"ಈ ವೈರುಗಳಿಗೆ ಇಷ್ಟು ಬಿಗಿಯಾಗಿ ಪ್ಲಾಸ್ಟಿಕ್ ಟ್ಯಾಗ್ ಹಾಕಿದ್ದು ಯಾವನು ಸಾರ್? ಎಳೆದೂ ಎಳೆದೂ ಕಟ್ಟಾಗಿದೆ."

ಹೋದ ಆಯುಧಪೂಜೆಗೆ ಮೊಬೈಲ್ ಚಾರ್ಜರ್ ಹಾಕಿಕೊಂಡು, ವೈರುಗಳು ನೋಡಲು ಚೆಂದ ಇರಲಿ ಎಂದು ಕಟ್ಟಿದವನು ನಾನೇ.

"ಯಾವನೋಪ್ಪ" ಅಂದೆ.

ಇವತ್ತು ಬೆಳಿಗ್ಗೆ ಹನುಮಂತನಗರದ ಅದೇ ರಸ್ತೆಯಲ್ಲಿ ಬಂದೆ. ಬೇಕಂತಲೇ ಎಡಕ್ಕೆ ತಿರುಗಿದೆ. 2017ರ ಏಪ್ರಿಲ್‌ನಿಂದ ಬಂದ ಬೈಕುಗಳ ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತಲೇ ಇರುತ್ತದೆ, ಆರಿಸಲು ಸ್ವಿಚ್ಚೇ ಇಲ್ಲ. ಆದರೂ ಎದುರು ಬರುವವರು ಬೆರಳು ಮಡಚಿ ಬಿಚ್ಚಿ ಸನ್ನೆ ಮಾಡುವುದನ್ನು ಬಿಟ್ಟಿಲ್ಲ. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು. ಯಜಮಾನರು ಗೇಟಿನಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಕೈ ಎತ್ತಿ, ಬೆರಳು ಮಡಚಿ ಬಿಚ್ಚಿ ತೋರಿಸಿದರು. ಲೈಟ್ ಆನ್ ಇದೆ ಸ್ವಾಮಿ!

ಹಾರ್ನ್ ಹೊಡೆದೆ. ಹೊಡೆಯಿತು.