ಗಾಳಿ ತುಂಬುವ ಮೊದಲು ನೀರು ತುಂಬಿ ನೋಡಿ

ಗಾಳಿಕೋವಿಯ ಮಾತು ಬಂದರೆ ನಮ್ಮ ಉಡುಪಿ, ಮಂಗಳೂರು ಕಡೆಯ ಹುಡುಗರು ಮೊದಲು ಕೇಳುವುದು ನಳಿಗೆಯ ವಿಚಾರ. ಎಷ್ಟು ಉದ್ದ, ಎಷ್ಟು ದಪ್ಪದ ಗುಂಡು, ಎಷ್ಟು ದೂರ ಹೋಗುತ್ತದೆ? ಗಾಳಿ ಹಿಡಿದಿಡುವ ಟ್ಯಾಂಕನ್ನು ಯಾವುದರಿಂದ ಮಾಡಿದ್ದು, ಅದನ್ನು ಯಾರು ಪರೀಕ್ಷಿಸಿದರು ಎಂದು ಕೇಳಿದವರನ್ನು ನಾನು ಊರಿನಲ್ಲಿ ಕಂಡಿಲ್ಲ. ಈಗ ನಾನಿರುವ ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲ ಪ್ರಶ್ನೆಯೇ ಅದು. ಊರಿನ ಬಂಧುಗಳ ಮಕ್ಕಳು ದೊಡ್ಡ ಗುಂಡಿನ ಗಾಳಿಕೋವಿಯನ್ನು ತಾವೇ ಮಾಡಿದ ಚಿತ್ರಗಳನ್ನು ಕಳುಹಿಸಿ ಅಭಿಪ್ರಾಯ ಕೇಳುತ್ತಾರೆ. ಅವರ ಕಣ್ಣು, ಕೈ ಉಳಿಯಬೇಕೆಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಬರ್ಮಿಂಗ್‌ಹ್ಯಾಮ್ ಬಂದೂಕಿನ ಊರು. 1813ರಲ್ಲಿ ಸಂಸತ್ತು ಕಾಯ್ದೆ ಮಾಡಿ ಇಲ್ಲಿ ಪ್ರೂಫ್ ಹೌಸ್ ಸ್ಥಾಪಿಸಿತು. ಹೊಸ ನಳಿಗೆಗೆ ದಿನಬಳಕೆಗಿಂತ ಹೆಚ್ಚಿನ ಮದ್ದು ಹಾಕಿ ಹಾರಿಸುತ್ತಾರೆ, ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. ಅದು ಮದ್ದಿನ ಬಂದೂಕಿನ ವ್ಯವಸ್ಥೆ, ಆದರೆ ಪರೀಕ್ಷಿಸದೆ ನಂಬಬಾರದೆಂಬ ಅಭ್ಯಾಸ ಊರಿಗೇ ಬಂದಿದೆ. ಇಲ್ಲಿನ ಗಾಳಿಕೋವಿ ಹವ್ಯಾಸಿಗಳು ಸಂಜೆಯೆಲ್ಲ ಲೇತ್ ಮುಂದೆ ನಿಂತು ಗಾಳಿಯನ್ನು ತಡೆದು ಬಿಡುವ ವಾಲ್ವನ್ನು ತಾವೇ ಕಡೆಯುತ್ತಾರೆ. ಗಾಳಿಯ ಟ್ಯಾಂಕಾದ ಸಿಲಿಂಡರನ್ನು ಮಾತ್ರ ಕೊಂಡುಕೊಳ್ಳುತ್ತಾರೆ. ಅದರ ಕೊರಳಿನ ಮೇಲೆ ಕ್ರಮಸಂಖ್ಯೆ, ಬಳಕೆಯ ಒತ್ತಡ, ಪರೀಕ್ಷೆಯ ಒತ್ತಡ, ದಿನಾಂಕ ಕೆತ್ತಿರುತ್ತದೆ. ಐದು ವರ್ಷ ಕಳೆದು ಮರುಪರೀಕ್ಷೆ ಆಗಿಲ್ಲವೆಂದರೆ ಗಾಳಿ ತುಂಬುವ ಅಂಗಡಿಯವರು ಅದನ್ನು ಹಾಗೆಯೇ ಹಿಂದಕ್ಕೆ ಕೊಡುತ್ತಾರೆ.

ನಮ್ಮಲ್ಲಿ ಇದು ತಿರುಗುಮುರುಗು. ವಾಲ್ವನ್ನು ಹೇಗಾದರೂ ಮಾಡಿ ತರಿಸುತ್ತಾರೆ, ಟ್ಯಾಂಕನ್ನು ಸಿಕ್ಕಿದ ಕೊಳವೆಯಿಂದ ಬೆಸುಗೆ ಹಾಕಿ ಮಾಡುತ್ತಾರೆ. ಹಳೆಯ ಅಗ್ನಿಶಾಮಕದ ಡಬ್ಬಿ, ಗುಜರಿಯ ಪೈಪು, ಕೆಲವೊಮ್ಮೆ ನೀರಿನ ಪಿವಿಸಿ ಪೈಪು ಕೂಡ. ಕೈಚಳಕದ ಕೊರತೆ ನಮ್ಮವರಿಗಿಲ್ಲ. ಮಲ್ಪೆಯಲ್ಲಿ ಬೋಟಿನ ಎಂಜಿನ್ ಬಿಚ್ಚಿ ಜೋಡಿಸುವವರು, ಯೆಯ್ಯಾಡಿ ಮತ್ತು ಬೈಕಂಪಾಡಿಯ ಟರ್ನರುಗಳು ಇಲ್ಲಿನ ಯಾವ ಕುಶಲಕರ್ಮಿಗೂ ಕಡಿಮೆಯಲ್ಲ. ಆದರೆ ಟ್ಯಾಂಕಿನ ಬಗ್ಗೆ ಕೇಳಿದರೆ "ಎಂತ ಆಗುವುದಿಲ್ಲ ಮಾರಾಯರೇ, ದಪ್ಪ ಪೈಪು" ಎಂಬ ಉತ್ತರ ಬರುತ್ತದೆ. ನನಗೆ ಸಿಟ್ಟು ಬರುವುದು ಆ ಮಾತಿಗೆ.

ದಪ್ಪವೆಂದರೆ ಎಷ್ಟು ದಪ್ಪ? ಕಾರಿನ ಟೈರಿನಲ್ಲಿ ಎರಡು ಬಾರ್ ಚಿಲ್ಲರೆ ಒತ್ತಡ ಇರುತ್ತದೆ. ಈ ಕೋವಿಗಳ ಟ್ಯಾಂಕಿನಲ್ಲಿ ಸಾಮಾನ್ಯವಾಗಿ 200 ಬಾರ್. ಒಳವ್ಯಾಸ 30 ಮಿಲಿಮೀಟರ್ ಇರುವ ಕೊಳವೆಯ ತುದಿಯ ಮುಚ್ಚಳವನ್ನು ಆ ಗಾಳಿ ಸುಮಾರು 1.4 ಟನ್ ಬಲದಿಂದ ಹೊರಕ್ಕೆ ದೂಡುತ್ತಿರುತ್ತದೆ. ದೊಡ್ಡ ಗುಂಡಿಗೆ ಒಂದೊಂದು ಹೊಡೆತಕ್ಕೂ ಹೆಚ್ಚು ಗಾಳಿ ಬೇಕೆಂದು ಕೊಳವೆಯನ್ನು ದೊಡ್ಡದು ಮಾಡಹೊರಟವರು ಇಲ್ಲೇ ಎಡವುವುದು. ವ್ಯಾಸ ಎರಡು ಪಟ್ಟಾದರೆ ಅಷ್ಟೇ ದಪ್ಪದ ಗೋಡೆಯ ಮೇಲಿನ ಎಳೆತ ಎರಡು ಪಟ್ಟಾಗುತ್ತದೆ, ಮುಚ್ಚಳದ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. ಅರ್ಧ ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಗಾಳಿ ಇದ್ದು ಅದು ಒಮ್ಮೆಲೇ ಒಡೆದರೆ ಹೊರಬರುವ ಶಕ್ತಿ 20 ಕಿಲೋಜೂಲಿನ ಆಸುಪಾಸು, ನಾಲ್ಕೈದು ಗ್ರಾಂ ಟಿಎನ್‌ಟಿ ಎಂಬ ಸ್ಫೋಟಕ ಸಿಡಿದಷ್ಟು. ಗುರಿಯಿಡುವಾಗ ಆ ಸಿಲಿಂಡರ್ ಇರುವುದು ಕೆನ್ನೆಯ ಹತ್ತಿರ. ಪಿವಿಸಿಯಂತೂ ಒಡೆಯುವಾಗ ಚೂಪಾದ ಚೂರುಗಳಾಗಿ ಹಾರುತ್ತದೆ.

ವಾಲ್ವಿನ ಕಡೆ ನನಗೆ ವಿಶೇಷ ಪ್ರೀತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಇದರ ಚೆಲುವು ಎಂದರೆ ಟ್ಯಾಂಕಿನ ಗಾಳಿಯೇ ತನ್ನ ಬಾಗಿಲನ್ನು ಒತ್ತಿ ಮುಚ್ಚಿಕೊಂಡಿರುತ್ತದೆ. ಟ್ರಿಗರ್ ಎಳೆದಾಗ ಸ್ಪ್ರಿಂಗಿನ ಬಲದಿಂದ ಸುತ್ತಿಗೆಯೊಂದು ಬಂದು ವಾಲ್ವಿನ ದಂಡಕ್ಕೆ ಬಡಿಯುತ್ತದೆ, ಬಾಗಿಲು ಕ್ಷಣಮಾತ್ರ ತೆರೆದು ತಾನಾಗಿ ಮುಚ್ಚಿಕೊಳ್ಳುತ್ತದೆ. 8 ಮಿಲಿಮೀಟರ್ ಅಗಲದ ಬಾಗಿಲನ್ನು 200 ಬಾರ್ ಒತ್ತಡ ಸುಮಾರು 100 ಕಿಲೋ ಭಾರದಷ್ಟು ಬಲದಿಂದ ಹಿಡಿದಿಡುತ್ತದೆ. ಅದಕ್ಕೇ ಟ್ಯಾಂಕ್ ವಿಪರೀತ ತುಂಬಿದರೆ ಗುಂಡಿನ ವೇಗ ಹೆಚ್ಚುವ ಬದಲು ತಗ್ಗುತ್ತದೆ, ಸುತ್ತಿಗೆಗೆ ಬಾಗಿಲನ್ನು ಸಾಕಷ್ಟು ತೆರೆಯಲು ಆಗುವುದಿಲ್ಲ. ಒತ್ತಡ ಸ್ವಲ್ಪ ಇಳಿದ ಮೇಲೆ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ, ವೇಗ ಹದಕ್ಕೆ ಬರುತ್ತದೆ. ಅನುಭವಿಗಳು ಈ ಹದವನ್ನು ಹುಡುಕುತ್ತಾರೆಯೇ ಹೊರತು ಹೆಚ್ಚು ಹೆಚ್ಚು ಒತ್ತಡವನ್ನಲ್ಲ. ಇನ್ನಷ್ಟು ತುಂಬಿದರೆ ಇನ್ನಷ್ಟು ಜೋರು ಎಂದು ನಂಬಿದವರು ಟ್ಯಾಂಕನ್ನು ಸುಮ್ಮನೆ ಅಪಾಯಕ್ಕೆ ಒಡ್ಡುತ್ತಾರೆ.

ಇದೇನೂ ಹೊಸ ವಿದ್ಯೆಯಲ್ಲ. ಬಾರ್ತೊಲೊಮಿಯೊ ಜಿರಾರ್ಡೋನಿ ರೂಪಿಸಿದ ಗಾಳಿಕೋವಿಯನ್ನು 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಬಳಕೆಗೆ ತಂದಿತ್ತು. ಹಿಂದಿನ ಹಿಡಿಯೇ ಗಾಳಿಯ ಟ್ಯಾಂಕ್. ಅದನ್ನು ತುಂಬಲು ಕೈಪಂಪನ್ನು ಸಾವಿರಕ್ಕೂ ಹೆಚ್ಚು ಬಾರಿ ಒತ್ತಬೇಕಿತ್ತು. ಅವರ ಒತ್ತಡ ಈಗಿನದರ ಮೂರನೆಯ ಒಂದು ಭಾಗವೂ ಇರಲಿಲ್ಲ. ಆದರೂ ಸೋರದ, ಒಡೆಯದ ಟ್ಯಾಂಕ್ ಮಾಡುವುದೇ ಆ ಕಾಲದ ಕುಶಲಿಗಳಿಗೆ ದೊಡ್ಡ ಸವಾಲಾಗಿತ್ತು.

ಇನ್ನು ನಮ್ಮ ಕರಾವಳಿಯ ಹವೆ. ಬರ್ಮಿಂಗ್‌ಹ್ಯಾಮಿನ ಕ್ರಮವನ್ನು ಹಾಗೆಯೇ ಊರಿಗೆ ಒಯ್ದರೂ ಸಾಲದು ಎಂದು ನಾನು ಹೇಳುವುದು ಇದಕ್ಕಾಗಿಯೇ. ಅರ್ಧ ಲೀಟರಿನ ಸಿಲಿಂಡರನ್ನು 200 ಬಾರಿಗೆ ತುಂಬಲು 100 ಲೀಟರ್ ಹೊರಗಾಳಿ ಬೇಕು. ಹತ್ತು ಡಿಗ್ರಿಯ ಇಂಗ್ಲೆಂಡಿನ ಗಾಳಿ ತೇವದಿಂದ ತುಂಬಿದ್ದರೂ ಅಷ್ಟು ಗಾಳಿಯಲ್ಲಿ ಒಂದು ಗ್ರಾಂ ನೀರೂ ಇರುವುದಿಲ್ಲ. ಮೂವತ್ತು ಡಿಗ್ರಿಯ ಮಂಗಳೂರಿನ ಮಳೆಗಾಲದ ಗಾಳಿಯಲ್ಲಿ ಮೂರು ಗ್ರಾಂ ಹತ್ತಿರ ಇರುತ್ತದೆ. ಒತ್ತಿದಾಗ ಆ ಆವಿ ನೀರಾಗುತ್ತದೆ. ತೇವ ತಡೆಯುವ ವ್ಯವಸ್ಥೆ ಇಲ್ಲದ ಪಂಪಿನಿಂದ ತುಂಬಿದರೆ ಅದು ಟ್ಯಾಂಕಿನ ಒಳಗೆ ನಿಂತು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಸಮುದ್ರದ ಉಪ್ಪು ಬೇರೆ. ಹೊರಗೆ ಮಿರಮಿರ ಮಿಂಚುವ ಕೊಳವೆ ಒಳಗಿನಿಂದ ತೆಳ್ಳಗಾಗುತ್ತಾ ಹೋಗುವುದು ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಐದು ವರ್ಷಕ್ಕೊಮ್ಮೆ ನೋಡುವುದನ್ನು ಮಲ್ಪೆಯಲ್ಲಿ ಅದಕ್ಕಿಂತ ಬೇಗ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಮಾನ್ಯ ಎಂಜಿನ್ ಎಣ್ಣೆ ಸವರಿ ತುಕ್ಕು ತಡೆಯಲು ಹೋಗುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ಗಾಳಿಯನ್ನು ರಭಸದಿಂದ ಒತ್ತಿದಾಗ ಏಳುವ ಕಾವಿಗೆ ಎಣ್ಣೆಯ ಆವಿ ಡೀಸೆಲ್ ಎಂಜಿನಿನಲ್ಲಿ ಹೊತ್ತಿಕೊಳ್ಳುವಂತೆಯೇ ಹೊತ್ತಿಕೊಳ್ಳಬಹುದು.

ಸಿಲಿಂಡರಿನ ಒತ್ತಡದ ಪರೀಕ್ಷೆಯನ್ನು ಗಾಳಿಯ ಬದಲು ನೀರು ತುಂಬಿಯೇ ಮಾಡುವುದಕ್ಕೆ ಕಾರಣ ಸರಳ. ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಆದ್ದರಿಂದ ಅದರಲ್ಲಿ ಶಕ್ತಿ ಕೂಡಿಟ್ಟುಕೊಳ್ಳುವುದೂ ಅತ್ಯಲ್ಪ. ಬಳಕೆಯ ಒಂದೂವರೆ ಪಟ್ಟು ಒತ್ತಡದಲ್ಲಿ ಕೊಳವೆ ಬಿರಿದರೂ ನೀರು ಚಿಮ್ಮಿ ಒತ್ತಡ ತಟ್ಟನೆ ಇಳಿದುಬಿಡುತ್ತದೆ. ಅದೇ ಕೆಲಸವನ್ನು ಗಾಳಿಯಿಂದ ಮಾಡಿದರೆ ಕೋಣೆಯಲ್ಲಿದ್ದವರು ಉಳಿಯುವ ಭರವಸೆ ಇಲ್ಲ.

ಈ ಶಿಸ್ತು ನಮಗೆ ಪರಕೀಯವೇ? ಅಲ್ಲ. ಅಡುಗೆ ಅನಿಲದ ಸಿಲಿಂಡರಿನ ಮೇಲೆ ಪರೀಕ್ಷೆಯ ಗಡುವನ್ನು ಎ, ಬಿ, ಸಿ, ಡಿ ಅಕ್ಷರದ ಜೊತೆ ವರ್ಷ ಸೇರಿಸಿ ಬರೆದಿರುವುದನ್ನು ನೋಡಿ ತೆಗೆದುಕೊಳ್ಳುವ ಅಮ್ಮಂದಿರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸಿಎನ್‌ಜಿ ಆಟೋದ ಟ್ಯಾಂಕಿಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಕಡ್ಡಾಯ. 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭವಾದ ಊರು ನಮ್ಮದು. ಮಾಡಿದವರ ಹೆಸರನ್ನು ಹೆಂಚಿನ ಬೆನ್ನಿಗೇ ಒತ್ತಿ ಕಳುಹಿಸಿದ ಪರಂಪರೆ ಅದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಸ್ಪರ್ಧೆಯಲ್ಲಿ ಬಳಸುವಂಥ ರೈಫಲ್‌ಗಳ ಸಿಲಿಂಡರಿನ ಮೇಲೂ ಬಳಕೆಯ ಅವಧಿ ಕೆತ್ತಿರುತ್ತದೆ.

ಕೃಷಿಕರ ಕಷ್ಟವನ್ನು ನಾನು ಬಲ್ಲೆ. ಮಂಗಗಳು ಎಳನೀರು ಉದುರಿಸುತ್ತವೆ, ಹಂದಿಗಳು ಗದ್ದೆ ಅಗೆಯುತ್ತವೆ. ಬೆಳೆ ರಕ್ಷಣೆಯ ಪರವಾನಗಿ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಬೇಕು. ಬೇಸತ್ತವರು ಗಾಳಿಕೋವಿಯತ್ತ ತಿರುಗುವುದು ಅರ್ಥವಾಗುತ್ತದೆ. ಆದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲಿಗಿಂತ ಹೆಚ್ಚು ಶಕ್ತಿಯ ಅಥವಾ 4.5 ಮಿಲಿಮೀಟರಿಗಿಂತ ದೊಡ್ಡ ಗುಂಡಿನ ಗಾಳಿಕೋವಿಗೆ ಪರವಾನಗಿ ಬೇಕು. ದೊಡ್ಡ ಗುಂಡಿನವು ನೂರಾರು ಜೂಲಿನವು. ಅವನ್ನು ಪರವಾನಗಿ ಇಲ್ಲದೆ ಮಾಡುವುದೇ ಅಪರಾಧ. ಕಾಡುಪ್ರಾಣಿಗೆ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯೂ ಸೇರಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲೂ ಗಾಳಿ ರೈಫಲಿಗೆ 12 ಅಡಿ-ಪೌಂಡ್, ಎಂದರೆ ಸುಮಾರು 16 ಜೂಲ್ ದಾಟಿದರೆ ಪೊಲೀಸರ ಪ್ರಮಾಣಪತ್ರ ಬೇಕು. ಅಮೆರಿಕದವರ ಚಿತ್ರ ನೋಡಿ ಮರುಳಾಗುವವರಿಗೆ ಒಂದು ಮಾತು: ಅಲ್ಲಿನ ಕೇಂದ್ರ ಕಾನೂನು ಗಾಳಿಕೋವಿಯನ್ನು ಬಂದೂಕೆಂದು ಎಣಿಸುವುದಿಲ್ಲ, ನಮ್ಮದು ಎಣಿಸುತ್ತದೆ.

ಹಾಗಾಗಿ ಚಿತ್ರ ಕಳುಹಿಸುವ ಹುಡುಗರಿಗೆ ನಾನು ಬರೆಯುವುದು ಇಷ್ಟು: ದೊಡ್ಡ ಗುಂಡಿನ ಕೋವಿ ಬೇಡ. ಬೆಸುಗೆ ಹಾಕಿದ ಕೊಳವೆಗೆ ಇನ್ನು ಗಾಳಿ ತುಂಬಬೇಡಿ, ಈಗಾಗಲೇ ತುಂಬಿದ್ದರೆ ಹತ್ತಿರ ಹೋಗದೆ ತಿಳಿದವರನ್ನು ಕರೆಯಿರಿ. ವಾಲ್ವಿನ ಹುಚ್ಚು ನಿಜವಾದುದಾದರೆ ಕದ್ರಿಯ ಕೆಪಿಟಿ ಪಾಲಿಟೆಕ್ನಿಕ್, ಸುರತ್ಕಲ್ಲಿನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಒತ್ತಡದ ಪಾತ್ರೆಗಳ ಪಾಠ ಕಲಿಸುವ ಅಧ್ಯಾಪಕರಿದ್ದಾರೆ, ಅವರ ಬಳಿ ಹೋಗಿ. ಕೇಳಬೇಕಾದದ್ದು ನೀರಿನ ಪರೀಕ್ಷೆಯ ಕೈಪಂಪು, ಒತ್ತಡದ ಗೇಜು ಮತ್ತು ದಪ್ಪ ಉಕ್ಕಿನ ಮರೆ. ಬೈಕಂಪಾಡಿಯ ವರ್ಕ್‌ಶಾಪ್ ಮಾಲೀಕರು ಒಟ್ಟಾಗಿ ಅಂಥದ್ದೊಂದನ್ನು ಇಡುವುದಾದರೆ, ನನ್ನ ಪಾಲಿನ ಹಣವನ್ನೂ ಇಲ್ಲಿ ಕಲಿತ ಪರೀಕ್ಷಾಕ್ರಮವನ್ನೂ ಕೊಡಲು ನಾನು ಸಿದ್ಧ.